ನಮ್ಮತ್ತೆ ಕಾಳು ಬೇಯಿಸಿದ ಕಟ್ಟು ಚೆಲ್ಲುವುದಿಲ್ಲ (ಅಲಬಾಮದ ಮನೆಯೂಟ, ನಿಮ್ಮ ನೆನಪುಗಳನ್ನೂ ಬರೆಯಿರಿ)

ಅಲಬಾಮ_ಸೊಸೆ | ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನನ್ನ ತವರು ಮದ್ದೂರಿನ ಹತ್ತಿರ ಒಂದು ಹಳ್ಳಿ. ಮದುವೆಯಾಗಿ ಬಂದದ್ದು ಅಮೆರಿಕದ ದಕ್ಷಿಣಕ್ಕೆ, ಅಲಬಾಮ ರಾಜ್ಯದ ಮಾಂಟ್‌ಗಮರಿಗೆ. ನಮ್ಮ ಯಜಮಾನರದು ಆಫ್ರಿಕನ್ ಅಮೆರಿಕನ್ ಕುಟುಂಬ. ಬಂದು ಹದಿನಾಲ್ಕು ವರ್ಷ ಆಯ್ತು. ಹೋದ ತಿಂಗಳು ಈ ಗುಂಪಿನಲ್ಲಿ ಯಾರೋ ಸೋಲ್ ಫುಡ್ (ಆಫ್ರಿಕನ್ ಅಮೆರಿಕನ್ ಮನೆಗಳ ಊಟ) ಅಂದರೇನು ಅಂತ ಕೇಳಿದ್ದರು. ಸಿಕ್ಕ ಉತ್ತರ ಒಂದೇ ಸಾಲು: ಕರಿದ ಕೋಳಿ, ಹಂದಿ, ಜಿಡ್ಡು. ಓದಿ ಬೇಜಾರಾಯ್ತು. ನಮ್ಮತ್ತೆ ಮನೆಯಲ್ಲಿ ವಾರಕ್ಕೆ ನಾಲ್ಕು ದಿನ ಒಲೆ ಮೇಲಿರುವುದು ಕಾಳು ಮತ್ತು ಸೊಪ್ಪು. ಅದನ್ನು ಬರೆದು ಹಾಕಬೇಕು ಅನ್ನಿಸಿತು.

ಮದುವೆಯಾದ ಹೊಸದು. ಒಂದು ಭಾನುವಾರ ಅತ್ತೆ ಅಲಸಂದೆ ಕಾಳು ಬೇಯಿಸಿ, ಚರ್ಚಿಗೆ ಹೊರಡಲು ಸೀರೆ, ಅಲ್ಲ, ಟೋಪಿ ಸರಿಮಾಡಿಕೊಳ್ಳುತ್ತಿದ್ದರು. (ಇಲ್ಲಿ ಚರ್ಚಿಗೆ ಹೋಗುವ ಹಿರಿಯ ಹೆಂಗಸರ ಟೋಪಿ ನೋಡಬೇಕು, ನಮ್ಮಲ್ಲಿ ಮದುವೆಗೆ ರೇಷ್ಮೆ ಸೀರೆ ಆರಿಸಿದ ಹಾಗೆ.) ಬೇಗ ಕೆಲಸ ಮುಗಿಸೋಣ ಅಂತ ನಾನು ಪಾತ್ರೆ ಎತ್ತಿ, ಮುಚ್ಚಳ ಓರೆ ಮಾಡಿ, ಸಿಂಕ್ ಕಡೆ ಬಾಗಿಸಿದೆ. ಅತ್ತೆ ಓಡಿಬಂದು ನನ್ನ ಮಣಿಕಟ್ಟು ಹಿಡಿದರು. "ಬೇಡಮ್ಮ, ಚೆಲ್ಲಬೇಡ! ಎಲ್ಲಾ ಇರೋದೇ ಅದರಲ್ಲಿ!"

ನಾನು ಚೆಲ್ಲುತ್ತಿರಲಿಲ್ಲ. ಸಿಂಕಿನೊಳಗೆ ಇನ್ನೊಂದು ಪಾತ್ರೆ ಇಟ್ಟಿದ್ದೆ, ಬಸಿಯೋಕೆ. ಮಂಡ್ಯ ಜಿಲ್ಲೆ ಹುಡುಗಿ ಕಾಳು ಕಟ್ಟು ಚೆಲ್ಲುತ್ತಾಳಾ! ಅತ್ತೆ ಆ ಪಾತ್ರೆ ನೋಡಿದರು, ನನ್ನ ಮುಖ ನೋಡಿದರು. "ನಿಮ್ಮೂರಲ್ಲೂ ಇದನ್ನ ಕುಡೀತಾರಾ?" ಅಂದರು. "ಸಾರು ಮಾಡ್ತೀವಿ ಅತ್ತೆ" ಅಂದೆ. ಅವರು ಕುರ್ಚಿ ಎಳೆದು ಕೂತೇಬಿಟ್ಟರು. ಬಸ್ಸಾರು ಮಾಡುವುದು ಹೇಗೆ ಅಂತ ಪೂರ್ತಿ ಹೇಳಿಸಿಕೊಂಡರು. ಅವತ್ತು ಚರ್ಚಿಗೆ ತಡವಾಯ್ತು. ನಮ್ಮಿಬ್ಬರಿಗೆ ಮಾತು ಕೂಡಿದ್ದು ಆ ಕಟ್ಟಿನಿಂದಲೇ.

ಇಲ್ಲಿ ಅದಕ್ಕೆ ಪಾಟ್ ಲಿಕ್ಕರ್ ಅನ್ನುತ್ತಾರೆ. ಮದ್ಯ ಅಲ್ಲ, ಪಾತ್ರೆಯ ರಸ ಅಂತ ಅರ್ಥ. ಹೆಚ್ಚಾಗಿ ಕೊಲಾರ್ಡ್ ಸೊಪ್ಪು, ಟರ್ನಿಪ್ ಸೊಪ್ಪು ಬೆಂದ ನೀರಿಗೆ ಈ ಹೆಸರು. ನಮ್ಮತ್ತೆ ಕಾಳಿನ ಕಟ್ಟಿಗೂ ಅದನ್ನೇ ಹೇಳುತ್ತಾರೆ. ಗುಲಾಮಗಿರಿಯ ಕಾಲದಲ್ಲಿ ದೊಡ್ಡ ಮನೆಯ ಮೇಜಿಗೆ ಬೆಂದ ಸೊಪ್ಪು ಹೋಗುತ್ತಿತ್ತು, ಅಡುಗೆಯವಳು ಕಟ್ಟನ್ನು ತನ್ನ ಮಕ್ಕಳಿಗೆ ಒಯ್ಯುತ್ತಿದ್ದಳು ಅಂತ ಇವರ ಮನೆಗಳಲ್ಲಿ ಹೇಳುತ್ತಾ ಬಂದಿದ್ದಾರೆ. ಸೊಪ್ಪಿನ ಸತ್ವ ಬಹಳಷ್ಟು ನೀರಿಗೆ ಇಳಿದಿರುತ್ತೆ ಅಲ್ವಾ. ಅತ್ತೆ ಈ ಮಾತು ಹೇಳುವಾಗ ದನಿಯಲ್ಲಿ ದುಃಖಕ್ಕಿಂತ ಹೆಮ್ಮೆ ಜಾಸ್ತಿ.

ಅವರು ಅಲಸಂದೆ ಮಾಡುವ ಕ್ರಮ ಹೀಗಿದೆ. ಒಂದು ಪೌಂಡ್ ಕಾಳನ್ನು, ಅಂದರೆ ಸುಮಾರು 450 ಗ್ರಾಂ, ಮೇಜಿನ ಮೇಲೆ ಹರಡಿ ಕಲ್ಲು, ಹುಳುಕು ಆರಿಸುತ್ತಾರೆ. ಅಲಸಂದೆಯನ್ನು ನೆನೆಸುವುದಿಲ್ಲ. ಹೊಗೆ ಹಾಕಿದ ಟರ್ಕಿ ಕೋಳಿಯ ಕತ್ತಿನ ತುಂಡುಗಳನ್ನು ಮೊದಲು ಒಂದು ಗಂಟೆ ಬೇಯಿಸುತ್ತಾರೆ. ಅವರ ಅಮ್ಮ ಹಂದಿಯ ಕಾಲಿನ ಮೂಳೆ ಹಾಕುತ್ತಿದ್ದರಂತೆ. ಅತ್ತೆಗೆ ಬಿಪಿ ಬಂದ ಮೇಲೆ ಟರ್ಕಿ. ಆ ನೀರಿಗೆ ಈರುಳ್ಳಿ, ಬೆಳ್ಳುಳ್ಳಿ, ಒಂದು ಒಣಮೆಣಸಿನಕಾಯಿ, ಆಮೇಲೆ ಕಾಳು. ನೀರು ಕಾಳಿನ ಮೇಲೆ ಎರಡು ಗೆಣ್ಣು ನಿಲ್ಲಬೇಕು. ಒಂದು ಕುದಿ ಬಂದ ಮೇಲೆ ಉರಿ ಸಣ್ಣ. ಸೌಟು ಹಾಕುವ ಹಾಗಿಲ್ಲ, ಪಾತ್ರೆಯ ಕಿವಿ ಹಿಡಿದು ಅಲ್ಲಾಡಿಸಬೇಕು. ಕಲಕಿದರೆ ಸಿಪ್ಪೆ ಬಿಟ್ಟು ಗೊಜ್ಜಾಗುತ್ತೆ.

ಬೆಂದಿದೆಯಾ ಅಂತ ಅವರು ಹಿಸುಕಿ ನೋಡುವುದಿಲ್ಲ. ಚಮಚದಲ್ಲಿ ನಾಲ್ಕು ಕಾಳು ತೆಗೆದು ಊದುತ್ತಾರೆ. ಉಸಿರು ತಾಗಿ ಸಿಪ್ಪೆ ಬಿರಿದು ಸುರುಳಿ ಸುತ್ತಿದರೆ ಆಯ್ತು ಅಂತ ಲೆಕ್ಕ. ನಾನು ಮೊದಲ ಸಲ ನೋಡಿದಾಗ ಮೂಗುತಿಯಷ್ಟು ಸಣ್ಣ ಸಿಪ್ಪೆ ಎದ್ದು ನಿಂತಿತ್ತು. ನಮ್ಮಜ್ಜಿಗೆ ಇದನ್ನ ತೋರಿಸಬೇಕಿತ್ತು ಅನ್ನಿಸಿ ಕಣ್ಣು ತುಂಬಿತು.

ನಿಮ್ಮಲ್ಲಿ ಯಾರಾದರೂ ಈ ಕಡೆ ಇದ್ದೀರಾ? ಇಂಥ ಊಟ ಉಂಡಿದ್ದೀರಾ? ಬರೆಯಿರಿ.


ಹಾಸನದ_ಹುಡುಗಿ

ಅಕ್ಕ, ಮಣಿಕಟ್ಟು ಹಿಡಿದ ಜಾಗ ಎರಡು ಸಲ ಓದಿದೆ. ನಮ್ಮನೇಲಿ ತಡಣಿ ಕಾಳು ಅಂತೀವಿ ಅಲಸಂದೆಗೆ. ತಡಣಿ ಕಾಳು, ದಂಟಿನ ಸೊಪ್ಪು ಹಾಕಿ ಬಸ್ಸಾರು, ಜೊತೆಗೆ ಮುದ್ದೆ. ನಿಮ್ಮತ್ತೆ ಆ ಕಟ್ಟಿನ ಜೊತೆ ಏನು ತಿನ್ನುತ್ತಾರೆ?


ಅಲಬಾಮ_ಸೊಸೆ

ಕಾರ್ನ್‌ಬ್ರೆಡ್ ಕಣಮ್ಮ. ಮೆಕ್ಕೆಜೋಳದ ಹಿಟ್ಟು, ಮಜ್ಜಿಗೆ, ಮೊಟ್ಟೆ, ಅಡುಗೆ ಸೋಡಾ. ಅತ್ತೆ ಹತ್ತಿರ ಅವರಜ್ಜಿ ಕಾಲದ ಬೀಡಿನ ಬಾಣಲೆ ಇದೆ. ಅದಕ್ಕೆ ಕೊಬ್ಬು ಹಾಕಿ ಹೊಗೆಯಾಡುವ ತನಕ ಕಾಯಿಸಿ ಹಿಟ್ಟು ಸುರಿಯುತ್ತಾರೆ. ಚುರ್ ಅನ್ನಬೇಕು, ಅನ್ನದಿದ್ದರೆ ಬಾಣಲೆ ಕಾದಿಲ್ಲ ಅಂತ. ಆಮೇಲೆ ಅವನ್‌ಗೆ. ತಳ ಕೆಂಪಗೆ ಗರಿಗರಿ, ಒಳಗೆ ಮೆತ್ತಗೆ. ಸಕ್ಕರೆ ಹಾಕುವ ಮನೆಗಳೂ ಇವೆ. ನಮ್ಮತ್ತೆ ಹಾಕುವುದಿಲ್ಲ, ಸಕ್ಕರೆ ಹಾಕಿದರೆ ಅದು ಕೇಕು ಅಂತಾರೆ.

ಇದನ್ನು ಕಟ್ಟಿಗೆ ಅದ್ದಿ ತಿನ್ನಬೇಕೋ, ಪುಡಿ ಮಾಡಿ ಹಾಕಿಕೊಂಡು ಚಮಚದಲ್ಲಿ ತಿನ್ನಬೇಕೋ ಅನ್ನುವುದು ಇಲ್ಲಿ ಹಳೇ ಜಗಳ. 1931ರಲ್ಲಿ ಲೂಯಿಸಿಯಾನದ ಗವರ್ನರ್ ಹ್ಯೂಯಿ ಲಾಂಗ್ ಅದ್ದುವವರ ಪಕ್ಷ. ಅಟ್ಲಾಂಟಾದ ಒಂದು ಪತ್ರಿಕೆಯ ಸಂಪಾದಕರು ಪುಡಿ ಮಾಡುವವರ ಪಕ್ಷ. ವಾರಗಟ್ಟಲೆ ಪತ್ರಿಕೆಯಲ್ಲಿ ವಾದ ನಡೆದಿತ್ತು. ನಮ್ಮನೇಲಿ ಮಾವ ಅದ್ದುತ್ತಿದ್ದರು, ಅತ್ತೆ ಪುಡಿ ಮಾಡುತ್ತಾರೆ. ನಾನು ಮುದ್ದೆ ಮುರಿದ ಹಾಗೆ ಮುರಿದು ಅದ್ದಿ ನುಂಗುತ್ತೇನೆ.


ಎರೆಮಣ್ಣು_ಧಾರವಾಡ

ನಾನು ಕೃಷಿ ಓದಿದವ. ಒಂದು ಮಾತು ಸೇರಿಸುತ್ತೇನೆ. ಅಲಸಂದಿ ಹುಟ್ಟಿದ್ದು ಆಫ್ರಿಕಾದಲ್ಲಿ. ಸಾವಿರಾರು ವರ್ಷಗಳ ಹಿಂದೆ ಅದು ನಮ್ಮ ದೇಶಕ್ಕೆ ಬಂದಿದೆ. ರಾಗಿಯೂ ಹಾಗೆಯೇ, ಅದರ ತವರು ಪೂರ್ವ ಆಫ್ರಿಕಾದ ಎತ್ತರದ ಸೀಮೆ. ಅಂದರೆ ಹಾಸನದ ತಂಗಿಯ ತಡಣಿ ಬಸ್ಸಾರು ಮುದ್ದೆಯಲ್ಲಿ ಕಾಳೂ ಆಫ್ರಿಕಾದ್ದು, ಮುದ್ದೆಯೂ ಆಫ್ರಿಕಾದ್ದು. ಅಮೆರಿಕಕ್ಕೆ ಅದೇ ಅಲಸಂದಿ ಹೋದದ್ದು ಬಹಳ ತಡವಾಗಿ, ಗುಲಾಮರನ್ನು ಸಾಗಿಸಿದ ಹಡಗುಗಳ ಕಾಲದಲ್ಲಿ. ಬೆಂಡೆಕಾಯಿಯೂ ಆಫ್ರಿಕಾದಿಂದಲೇ ಅಲ್ಲಿಗೆ ಹೋದದ್ದು. ಲೂಯಿಸಿಯಾನದ ಗಂಬೋ ಅನ್ನುವ ಸಾರಿನ ಹೆಸರೇ ಬೆಂಡೆಗೆ ಆಫ್ರಿಕಾದ ಬಂಟು ಭಾಷೆಗಳಲ್ಲಿರುವ ಪದದಿಂದ ಬಂತು ಅನ್ನುತ್ತಾರೆ.

ಉಳಿದ ಬೀನ್ಸ್ ಕಥೆ ಬೇರೆ. ರಾಜ್ಮಾ, ಪಿಂಟೊ, ನೇವಿ ಬೀನ್ಸ್ ಎಲ್ಲ ಅಮೆರಿಕ ಖಂಡದ್ದೇ, ಅಲ್ಲಿನ ಮೂಲನಿವಾಸಿಗಳು ಬೆಳೆಸಿದ್ದು. ಬೆಂಗಳೂರು ಮಾರುಕಟ್ಟೆಯಲ್ಲಿ ಡಬಲ್ ಬೀನ್ಸ್ ಅಂತ ಕೊಳ್ಳುತ್ತೇವಲ್ಲ, ಅದು ಲೈಮಾ ಬೀನ್ಸ್. ಪೆರುವಿನ ರಾಜಧಾನಿ ಲಿಮಾದ ಹೆಸರು ಅದಕ್ಕೆ. ಅಕ್ಕನ ಊರಿನಲ್ಲಿ ಅದನ್ನೇ ಬಟರ್ ಬೀನ್ಸ್ ಅನ್ನುತ್ತಾರೆ ಅಂದುಕೊಂಡಿದ್ದೇನೆ, ಸರಿಯಾ?

ಇನ್ನೊಂದು. ಮಾಂಟ್‌ಗಮರಿ ಇರುವ ಸೀಮೆಗೆ ಕಪ್ಪು ಮಣ್ಣಿನಿಂದಾಗಿ ಬ್ಲ್ಯಾಕ್ ಬೆಲ್ಟ್ ಅಂತ ಹೆಸರು. ಹತ್ತಿ ನಾಡು. ನಮ್ಮ ಧಾರವಾಡಕ್ಕೂ 1840ರ ದಶಕದಲ್ಲಿ ಕಂಪನಿ ಸರಕಾರ ಅಮೆರಿಕದ ಹತ್ತಿ ಬೀಜ ತಂದು ಬಿತ್ತಿಸಿತ್ತು, ತೋಟಗಾರರನ್ನೂ ಅಲ್ಲಿಂದಲೇ ಕರೆಸಿತ್ತು. ಅಲ್ಲಿ ಆ ಹತ್ತಿ ಬಿಡಿಸುತ್ತಿದ್ದವರು ಈ ಅಲಸಂದಿ ಉಂಡವರು.


ಅಲಬಾಮ_ಸೊಸೆ

ಸರಿ ಸರ್, ಬಟರ್ ಬೀನ್ಸ್ ಅದೇ. ನಿಮ್ಮ ಕೊನೆ ಸಾಲು ಅತ್ತೆಗೆ ಓದಿ ಹೇಳಿದೆ. ಅವರ ತಾತ ಲೌಂಡ್ಸ್ ಕೌಂಟಿಯಲ್ಲಿ ಪಾಲಿಗೆ ಹತ್ತಿ ಮಾಡುತ್ತಿದ್ದವರು. ಹತ್ತಿ ಧಣಿಗೆ, ಸಾಲಿನ ನಡುವೆ ಬಿತ್ತಿದ ಅಲಸಂದೆ ತಮಗೆ.

ಇಲ್ಲಿಂದ ಮುಕ್ಕಾಲು ಗಂಟೆ ದಾರಿಯಲ್ಲಿ ಟಸ್ಕೀಗಿ ಇದೆ. ಜಾರ್ಜ್ ವಾಷಿಂಗ್ಟನ್ ಕಾರ್ವರ್ ಅಲ್ಲಿಗೆ 1896ರಲ್ಲಿ ಬಂದರು. ನಮಗೆಲ್ಲ ಅವರು ಕಡಲೆಕಾಯಿ ವಿಜ್ಞಾನಿ ಅಂತ ಗೊತ್ತು. ಅಲಸಂದೆ ಬಗ್ಗೆಯೂ ಅಷ್ಟೇ ಕಾಳಜಿಯಿಂದ ಬರೆದರು. ಹತ್ತಿ ಬೆಳೆದು ಬೆಳೆದು ಸತ್ತ ನೆಲಕ್ಕೆ ಅಲಸಂದೆ ಹಾಕಿ, ಬೇರಿನ ಗಂಟುಗಳು ಸಾರಜನಕ ಕೊಡುತ್ತವೆ ಅಂತ ರೈತರಿಗೆ ಹೇಳಿದರು. ಬೆಳೆದದ್ದನ್ನು ಅಡುಗೆ ಮಾಡುವ ಬಗೆಗಳನ್ನೂ ಅಚ್ಚು ಹಾಕಿಸಿ ಹಂಚಿದರು.


ಹೊಸ_ಸದಸ್ಯ_ಬೆಂಗಳೂರು

ಓದೋಕೆ ಚೆನ್ನಾಗಿದೆ. ಆದರೆ ಸೋಲ್ ಫುಡ್ ಅಂದರೆ ಮೂಲದಲ್ಲಿ ಧಣಿಗಳು ಎಸೆದದ್ದನ್ನು ಗುಲಾಮರು ತಿಂದ ಊಟ ಅಂತಲೇ ಅಲ್ವಾ ಎಲ್ಲರೂ ಹೇಳುವುದು?


ರಾಲೀ_ಅಪ್ಪ

ಎಲ್ಲರೂ ಹೇಳುತ್ತಾರೆ ನಿಜ. ಅರ್ಧ ಮಾತ್ರ ಸರಿ. ನಾನು ಉತ್ತರ ಕೆರೊಲಿನಾದಲ್ಲಿ ಇಪ್ಪತ್ತು ವರ್ಷದಿಂದ ಇದ್ದೇನೆ. ಪಕ್ಕದ ಮನೆಯವರು ಇದೇ ಮಾತಿಗೆ ನನ್ನನ್ನು ಕೂರಿಸಿಕೊಂಡು ತಿದ್ದಿದರು.

ವಾರಕ್ಕೆ ಅಳೆದು ಕೊಡುತ್ತಿದ್ದ ಪಡಿ ಇತ್ತು. ಮೆಕ್ಕೆಜೋಳದ ಹಿಟ್ಟು, ಉಪ್ಪು ಹಾಕಿದ ಹಂದಿ ಮಾಂಸ. ಬೇಡವಾದ ತುಂಡುಗಳೂ ಬರುತ್ತಿದ್ದವು. ಆದರೆ ಅಷ್ಟರಲ್ಲೇ ಬದುಕಿದ್ದರೆ ಈ ಅಡುಗೆ ಹುಟ್ಟುತ್ತಿರಲಿಲ್ಲ. ಹಗಲೆಲ್ಲ ದುಡಿದು, ರಾತ್ರಿ ಗುಡಿಸಲ ಹಿಂದಿನ ಚೂರು ಜಾಗದಲ್ಲಿ ಬೆಂಡೆ, ಅಲಸಂದೆ, ಸೊಪ್ಪು ಬೆಳೆದರು. ಮೀನು ಹಿಡಿದರು, ಬೇಟೆಯಾಡಿದರು. ದೊಡ್ಡ ಮನೆಯ ಅಡುಗೆಯನ್ನೂ ಅವರೇ ಮಾಡಿದ್ದು. ದಕ್ಷಿಣದ ಬಿಳಿಯರು ತಮ್ಮದು ಅಂತ ಉಣ್ಣುವ ಊಟದಲ್ಲೂ ಅವರ ಕೈ ಇದೆ.

ದಕ್ಷಿಣ ಕೆರೊಲಿನಾದ ಭತ್ತ ಇನ್ನೂ ದೊಡ್ಡ ಉದಾಹರಣೆ. ಪಶ್ಚಿಮ ಆಫ್ರಿಕಾದಲ್ಲಿ ತಲೆತಲಾಂತರದಿಂದ ಭತ್ತ ಬೆಳೆದ ಸೀಮೆಗಳಿಂದ ಜನರನ್ನು ಹಿಡಿದು ತಂದರು, ಆ ಸೆನೆಗಾಲ್, ಸಿಯೆರಾ ಲಿಯೋನ್ ಕಡೆಯಿಂದ. ಗದ್ದೆ ಕಟ್ಟುವುದು, ನೀರು ಬಿಡುವುದು, ಕುಟ್ಟುವುದು, ಕೇರುವುದು ಅವರಿಗೆ ಗೊತ್ತಿತ್ತು. ಚಾರ್ಲ್‌ಸ್ಟನ್ ಶ್ರೀಮಂತ ಊರಾದದ್ದು ಆ ಭತ್ತದಿಂದ. ಈಗಲೂ ಹೆದ್ದಾರಿ 17ರ ಬದಿಯಲ್ಲಿ ಅವರ ವಂಶದ ಗಲ್ಲಾ ಗೀಚೀ ಜನ ಹುಲ್ಲಿನ ಬುಟ್ಟಿ ಹೆಣೆದು ಮಾರುತ್ತಾರೆ. ಅದರಲ್ಲಿ ಅಗಲವಾದ, ಅಂಚು ಗಿಡ್ಡನೆಯ ಒಂದು ಬುಟ್ಟಿ ನೋಡಿ ನಮ್ಮಮ್ಮ, "ಇದು ಮೊರ ಕಣೋ" ಅಂದರು. ಹೌದು, ಭತ್ತ ಕೇರಲು ಮಾಡಿದ್ದೇ ಅದು. ಹೆಣೆಯುತ್ತಿದ್ದ ಅಜ್ಜಿಗೆ ನಮ್ಮಮ್ಮ ಖಾಲಿ ಬುಟ್ಟಿ ಹಿಡಿದು ಕೇರಿ ತೋರಿಸಿದರು. ಆ ಅಜ್ಜಿ ಎದ್ದು ಬಂದು ಅಪ್ಪಿಕೊಂಡರು. ಇಬ್ಬರಿಗೂ ಬರುವಂಥ ಭಾಷೆ ಒಂದೂ ಇರಲಿಲ್ಲ.


ಹೊಸ_ಸದಸ್ಯ_ಬೆಂಗಳೂರು

ಧನ್ಯವಾದ ಸರ್. ಎಸೆದದ್ದು ಅನ್ನುವ ಪದ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.


ಡೆಟ್ರಾಯ್ಟ್_ದಾವಣಗೆರೆ

ಸೋಲ್ ಫುಡ್ ಅನ್ನುವ ಹೆಸರು ಬಳಕೆಗೆ ಬಂದದ್ದು 1960ರ ದಶಕದಲ್ಲಿ. ಅದಕ್ಕೆ ಮೊದಲು ಅದು ಸುಮ್ನೆ ಊರಿನ ಊಟ. ಊರು ಬಿಟ್ಟವರಿಗೇ ಆ ಹೆಸರು ಬೇಕಾದದ್ದು ಅಂತ ನನಗನ್ನಿಸುತ್ತೆ. 1910ರಿಂದ 1970ರ ಹೊತ್ತಿಗೆ ಸುಮಾರು 60 ಲಕ್ಷ ಕಪ್ಪು ಜನ ದಕ್ಷಿಣ ಬಿಟ್ಟು ಶಿಕಾಗೊ, ಡೆಟ್ರಾಯ್ಟ್, ನ್ಯೂಯಾರ್ಕ್, ಲಾಸ್ ಏಂಜಲೀಸ್ ಕಡೆ ಹೋದರು. ಕೆಲಸ ಹುಡುಕಿಕೊಂಡು, ಜೀವ ಉಳಿಸಿಕೊಂಡು.

ನನ್ನ ಜೊತೆ ಕೆಲಸ ಮಾಡುವ ಹಿರಿಯರೊಬ್ಬರ ಕುಟುಂಬ ಮಿಸಿಸಿಪ್ಪಿಯಿಂದ ರೈಲಿನಲ್ಲಿ ಬಂದದ್ದು. ದಾರಿಯ ಹೋಟೆಲುಗಳಲ್ಲಿ ಕಪ್ಪು ಜನರಿಗೆ ಊಟ ಹಾಕುತ್ತಿರಲಿಲ್ಲ. ಅದಕ್ಕೆ ಚಪ್ಪಲಿ ಅಂಗಡಿಯ ರಟ್ಟಿನ ಡಬ್ಬದಲ್ಲಿ ಕರಿದ ಕೋಳಿ, ಬೇಯಿಸಿದ ಮೊಟ್ಟೆ, ಬ್ರೆಡ್ಡು, ಒಂದು ತುಂಡು ಕೇಕು ಕಟ್ಟಿಕೊಂಡು ಹೊರಡುತ್ತಿದ್ದರು. ಬುತ್ತಿ ಅಂದರೆ ನಮಗೆ ಅಮ್ಮನ ಪ್ರೀತಿ ನೆನಪಾಗುತ್ತೆ. ಅವರಿಗೆ ಅದರ ಜೊತೆ ಇನ್ನೊಂದೂ ನೆನಪಾಗುತ್ತೆ. ಕೋಳಿಯನ್ನೇ ಯಾಕೆ ಕಟ್ಟುತ್ತಿದ್ದರು ಅಂತ ಕೇಳಿದ್ದೆ. ಕೆಡುವುದಿಲ್ಲ, ತಟ್ಟೆ ಬೇಡ, ಎಲ್ಲೂ ನಿಲ್ಲಬೇಕಾಗಿಲ್ಲ ಅಂದರು.

ಪ್ರತಿ ಬೇಸಿಗೆ ಕೊನೆಗೆ ಊರಿಂದ ಚಿಕ್ಕಪ್ಪ ಕಾರಿನ ಡಿಕ್ಕಿ ತುಂಬ ಬಿಡಿಸಿದ ಬಟಾಣಿ ತರುತ್ತಿದ್ದರಂತೆ. ಬಟಾಣಿ ಅಂದರೆ ನಮ್ಮ ಹಸಿರು ಬಟಾಣಿ ಅಲ್ಲ, ಅಲಸಂದೆ ಜಾತಿಯವಕ್ಕೆಲ್ಲ ಅಲ್ಲಿ ಪೀಸ್ ಅಂತಲೇ ಹೆಸರು. ಚಳಿಗಾಲ ಪೂರ್ತಿ ಫ್ರೀಜರಿನಲ್ಲಿಟ್ಟು ಲೆಕ್ಕ ಹಾಕಿ ಬೇಯಿಸುತ್ತಿದ್ದರು. ಕೊನೆಯ ಚೀಲ ಅವರಮ್ಮ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಅದು ಹೊಸ ವರ್ಷಕ್ಕೆ.


ಅಲಬಾಮ_ಸೊಸೆ

ನಮ್ಮತ್ತೆಯೂ ಹತ್ತು ವರ್ಷದವರಿದ್ದಾಗ ಡೆಟ್ರಾಯ್ಟಿಗೆ ಹೋದವರು! ನಿವೃತ್ತಿಯಾದ ಮೇಲೆ ವಾಪಸ್ಸು ಬಂದರು. ಆ ಬೀಡಿನ ಬಾಣಲೆ ಹೋಗಿ ಬಂದಿದೆ ಜೊತೆಗೇ. ಹೋಗುವಾಗ ಅವರಮ್ಮ ಅದನ್ನು ಹೊದಿಕೆಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದರಂತೆ.


ಮಿಸಿಸಿಪ್ಪಿ_ಮೇಷ್ಟ್ರು

ಬೇಸಿಗೆಯಲ್ಲಿ ಕಾಳು ಬಿಡಿಸುವುದರ ಬಗ್ಗೆ ಯಾರೂ ಬರೆಯಲಿಲ್ಲ. ನನಗೆ ಈ ಊರು ಮೊದಲ ಸಲ ಸ್ವಂತದ್ದು ಅನ್ನಿಸಿದ್ದು ಅಲ್ಲೇ. ಇಲ್ಲಿ ಪರ್ಪಲ್ ಹಲ್ ಅಂತ ಒಂದು ಅಲಸಂದೆ, ಸಿಪ್ಪೆ ನೇರಳೆ ಬಣ್ಣ. ಜುಲೈ, ಆಗಸ್ಟಿನಲ್ಲಿ ಬುಟ್ಟಿಗಟ್ಟಲೆ ಬರುತ್ತೆ. ಮುಂದಿನ ಜಗಲಿಯಲ್ಲಿ ಎಲ್ಲರೂ ಕೂರುತ್ತಾರೆ. ಮಡಿಲಲ್ಲಿ ಬೋಗುಣಿ, ಕಾಲ ಬುಡದಲ್ಲಿ ಸಿಪ್ಪೆಗೆ ಕಾಗದದ ಚೀಲ. ಹೆಬ್ಬೆರಳಿನಿಂದ ಕಾಯಿ ಸೀಳಿ ಉದ್ದಕ್ಕೆ ಎಳೆಯಬೇಕು, ಕಾಳು ಟಪಟಪ ಬೀಳಬೇಕು. ಉಗುರಿನ ಸಂದಿ ನೇರಳೆಯಾಗುತ್ತೆ, ಎರಡು ದಿನ ಹೋಗುವುದಿಲ್ಲ.

ನಾನು ಬೆಳೆದದ್ದು ಬಸವನಗುಡಿಯಲ್ಲಿ. ಡಿಸೆಂಬರ್ ಬಂತೆಂದರೆ ಅವರೆಕಾಯಿ ಮೂಟೆ. ಬಿಡಿಸಿ ಬಿಡಿಸಿ ಬೆರಳಿಗೆ ಸೊಗಡು ಹತ್ತುತ್ತಿತ್ತು. ಅದೇ ಕೆಲಸ, ಅದೇ ಹರಟೆ. ಸತ್ತವರ ಸುದ್ದಿ, ಹುಟ್ಟಿದವರ ಸುದ್ದಿ, ಯಾರ ಮಗಳು ಯಾರ ಜೊತೆ ಓಡಾಡುತ್ತಿದ್ದಾಳೆ ಅನ್ನುವುದು. ಈಗ ಸಂತೆಗಳಲ್ಲಿ ಬಿಡಿಸಿಕೊಡುವ ಯಂತ್ರ ಬಂದಿದೆ. ಒಂದು ಬುಟ್ಟಿ ಹತ್ತು ನಿಮಿಷ. ಅನುಕೂಲವೇ, ಬೇಡ ಅನ್ನುವುದಿಲ್ಲ. ನಮ್ಮ ಬೀದಿಯ ಅಜ್ಜಿ ಮಾತ್ರ ಒಂದು ಬುಟ್ಟಿ ಯಂತ್ರಕ್ಕೆ ಕೊಡುತ್ತಾರೆ, ಒಂದು ಬುಟ್ಟಿ ಜಗಲಿಗೆ ಉಳಿಸಿಕೊಳ್ಳುತ್ತಾರೆ.

ಇದೇ ರಾಜ್ಯದ ಸನ್‌ಫ್ಲವರ್ ಕೌಂಟಿಯ ಫ್ಯಾನಿ ಲೂ ಹೇಮರ್ ಹೆಸರು ಕೇಳಿರಬಹುದು. ಮತದಾನದ ಹಕ್ಕಿಗೆ ಹೋರಾಡಿ ಜೈಲಿನಲ್ಲಿ ಏಟು ತಿಂದ ಮಹಾತಾಯಿ. ಮತ ಹಾಕಲು ಹೊರಟವರನ್ನು ಧಣಿಗಳು ಕೆಲಸದಿಂದ, ಮನೆಯಿಂದ ಹೊರಹಾಕುತ್ತಿದ್ದರು. ಅದಕ್ಕೆ ಅವರು 1960ರ ದಶಕದ ಕೊನೆಯಲ್ಲಿ ಒಂದು ಸಹಕಾರಿ ಜಮೀನು ಕಟ್ಟಿದರು. ಬೀನ್ಸ್, ಬೆಂಡೆ, ಸೊಪ್ಪು ಬೆಳೆದು ಹಂಚಿದರು. ಹಂದಿ ಬ್ಯಾಂಕ್ ಅಂತಲೂ ಮಾಡಿದರು. ಒಂದು ಮನೆಗೆ ಒಂದು ಹೆಣ್ಣು ಹಂದಿ ಸಾಲ, ಅದು ಮರಿ ಹಾಕಿದ ಮೇಲೆ ಎರಡು ಮರಿ ವಾಪಸ್ಸು ಕೊಡಬೇಕು, ಅವು ಮುಂದಿನ ಮನೆಗೆ. ಮನೆಯಲ್ಲಿ ಕಾಳಿದ್ದರೆ, ತೂಗುಹಾಕಿದ ಮಾಂಸವಿದ್ದರೆ ಯಾರೂ ನಮ್ಮನ್ನು ಹೆದರಿಸಲಾರರು ಅನ್ನುವುದು ಅವರ ಲೆಕ್ಕ.


ಆರ್ಲಿಯನ್ಸ್_ಪೋಸ್ಟ್‌ಡಾಕ್

ನ್ಯೂ ಆರ್ಲಿಯನ್ಸ್‌ನಿಂದ ಬರೆಯುತ್ತಿದ್ದೇನೆ. ಇಲ್ಲಿ ಸೋಮವಾರ ಅಂದರೆ ಕೆಂಪು ಬೀನ್ಸ್ ಅನ್ನ. ಸೋಮವಾರ ಬಟ್ಟೆ ಒಗೆಯುವ ದಿನ. ಕೈಯಲ್ಲಿ ಒಗೆಯುವ ಕಾಲದಲ್ಲಿ ಒಲೆ ಹತ್ತಿರ ನಿಲ್ಲಲು ಪುರುಸೊತ್ತಿಲ್ಲ. ಭಾನುವಾರದ ಹ್ಯಾಮ್‌ನ ಮೂಳೆ ಹಾಕಿ, ನೆನೆಸಿದ ರಾಜ್ಮಾ ಇಟ್ಟರೆ ತನ್ನಷ್ಟಕ್ಕೆ ಬೇಯುತ್ತಿತ್ತು. ಈಗ ಎಲ್ಲರ ಮನೆಯಲ್ಲೂ ವಾಷಿಂಗ್ ಮಷೀನ್ ಇದೆ. ಸೋಮವಾರ ಮಾತ್ರ ಬದಲಾಗಿಲ್ಲ. ಈರುಳ್ಳಿ, ಸೆಲೆರಿ, ದೊಣ್ಣೆಮೆಣಸಿನಕಾಯಿ ಮೂರನ್ನೂ ಸಣ್ಣಗೆ ಹೆಚ್ಚಿ ಹುರಿಯುವುದು ಇಲ್ಲಿನ ಒಗ್ಗರಣೆ ಅನ್ನಬಹುದು. ಕೊನೆಗೆ ಒಂದು ಸೌಟು ಕಾಳನ್ನು ಪಾತ್ರೆಯ ಗೋಡೆಗೆ ಒತ್ತಿ ಅರೆಯಬೇಕು, ಆಗ ಕಟ್ಟು ಗಟ್ಟಿಯಾಗಿ ಅನ್ನಕ್ಕೆ ಹಿಡಿಯುತ್ತೆ. ಜಾಝ್ ಸಂಗೀತದ ಲೂಯಿ ಆರ್ಮ್‌ಸ್ಟ್ರಾಂಗ್ ಈ ಊರಿನವರು. ಕಾಗದದ ಕೊನೆಯಲ್ಲಿ ನಾವು "ಇಂತಿ ನಿಮ್ಮ ವಿಶ್ವಾಸಿ" ಅನ್ನುವ ಕಡೆ ಅವರು "ಇಂತಿ ನಿಮ್ಮ ಕೆಂಪು ಬೀನ್ಸ್ ಅನ್ನದ" ಅನ್ನುವ ಅರ್ಥದಲ್ಲಿ ಬರೆದು ಸಹಿ ಹಾಕುತ್ತಿದ್ದರು.

ದಯವಿಟ್ಟು ಒಂದು ಎಚ್ಚರಿಕೆ ಕೇಳಿ. ಬಂದ ಮೊದಲ ವರ್ಷ ನಾನು ನೆನೆಸಿದ ರಾಜ್ಮಾವನ್ನು ಹಾಗೇ ಸ್ಲೋ ಕುಕರಿಗೆ ಹಾಕಿ ಕೆಲಸಕ್ಕೆ ಹೋದೆ. ಸಂಜೆ ಬಂದು ಉಂಡೆವು. ಮೂರು ಗಂಟೆಯೊಳಗೆ ನಾನು, ರೂಮಿನ ಗೆಳೆಯ ಇಬ್ಬರೂ ವಾಂತಿ ಮಾಡಿ ಮಾಡಿ ಸುಸ್ತಾದೆವು. ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಅನ್ನುವ ವಿಷದ ಅಂಶ ಇರುತ್ತೆ. ಸಣ್ಣ ಬಿಸಿಯಲ್ಲಿ ಅದು ಸಾಯುವುದಿಲ್ಲ. ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕೊತಕೊತ ಅರ್ಧ ಗಂಟೆ ಕುದಿಸಿ ಆಮೇಲೆ ಸಣ್ಣ ಉರಿಗೆ ಹೋಗಿ. ನಮ್ಮ ಪ್ರೆಶರ್ ಕುಕರಿನಲ್ಲಿ ಚೆನ್ನಾಗಿ ಬೇಯಿಸಿದರೆ ಈ ತೊಂದರೆ ಇಲ್ಲ. ನೆನೆಸಿದ ನೀರು ಬೇರೆ, ಬೇಯಿಸಿದ ಕಟ್ಟು ಬೇರೆ. ಅಕ್ಕ ಚೆಲ್ಲಬೇಡಿ ಅಂದದ್ದು ಎರಡನೆಯದನ್ನು.


ಅಲಬಾಮ_ಸೊಸೆ

ಇದನ್ನು ಬರೆದದ್ದು ತುಂಬಾ ಒಳ್ಳೆಯದಾಯ್ತು ತಮ್ಮ. ಎಲ್ಲರೂ ಗಮನಿಸಿ.

ಇನ್ನೊಂದು ಸೇರಿಸುತ್ತೇನೆ. ಟೊಮೇಟೊ, ಹುಣಸೆಹುಳಿ, ವಿನಿಗರ್ ಯಾವುದನ್ನೂ ಕಾಳು ಬೇಯುವ ಮೊದಲು ಹಾಕಬೇಡಿ. ಹುಳಿ ಬಿದ್ದರೆ ಸಿಪ್ಪೆ ಮೆತ್ತಗಾಗುವುದಿಲ್ಲ. ಅತ್ತೆ ಮೇಜಿನ ಮೇಲೆ ಒಂದು ಶೀಷೆ ಸದಾ ಇರುತ್ತೆ. ವಿನಿಗರಿನಲ್ಲಿ ಹಸಿಮೆಣಸಿನಕಾಯಿ ಮುಳುಗಿಸಿದ್ದು. ಬಡಿಸಿಕೊಂಡ ಮೇಲೆ ನಾಲ್ಕು ಹನಿ.


ಸಸ್ಯಾಹಾರಿ_ಶೃಂಗೇರಿ

ಮೇಡಂ, ನಮ್ಮ ಮನೇಲಿ ಮಾಂಸ ಇಲ್ಲ. ಓದಿ ಆಸೆಯಾಗುತ್ತಿದೆ. ಹೊಗೆಯ ರುಚಿಗೆ ಏನು ಮಾಡಲಿ?


ಅಲಬಾಮ_ಸೊಸೆ

ಮಾಡಬಹುದು. ನಾನೂ ಶ್ರಾವಣದಲ್ಲಿ ಹಾಗೇ ಮಾಡುವುದು. ಈರುಳ್ಳಿಯನ್ನು ಎಣ್ಣೆ ಬೆಣ್ಣೆ ಎರಡರಲ್ಲೂ ಕಂದು ಬಣ್ಣಕ್ಕೆ ಬರುವ ತನಕ ನಿಧಾನ ಹುರಿಯಿರಿ, ಆತುರ ಬೇಡ. ಒಂದು ಚಮಚ ಬ್ಯಾಡಗಿ ಪುಡಿ. ಹೊಗೆ ಹಾಕಿ ಒಣಗಿಸಿದ ಮೆಣಸಿನಪುಡಿ ಸಿಕ್ಕರೆ ಇನ್ನೂ ಒಳ್ಳೆಯದು. ಅದೂ ಇಲ್ಲದಿದ್ದರೆ ಕಾಳು ಬೆಂದ ಮೇಲೆ ಸಣ್ಣ ಬಟ್ಟಲಲ್ಲಿ ಕೆಂಡ ಇಟ್ಟು, ತುಪ್ಪ ಬಿಟ್ಟು, ಪಾತ್ರೆಯೊಳಗಿಟ್ಟು ಐದು ನಿಮಿಷ ಮುಚ್ಚಿ. ಅತ್ತೆಗೆ ಈ ಕೆಂಡದ ಉಪಾಯ ಬಹಳ ಹಿಡಿಸಿತು. ಇದು ಅವರ ಅಮ್ಮನ ರುಚಿ ಅಲ್ಲ, ಬೇರೆಯೇ ಒಂದು ಒಳ್ಳೆಯ ರುಚಿ. ಹಾಗಂತಲೇ ತಿಳಿದು ಮಾಡಿ.


ಕುಂದಾಪುರ_ಟು_ಚಾರ್ಲ್‌ಸ್ಟನ್

ಹೊಸ ವರ್ಷದ ಹಾಪಿನ್ ಜಾನ್ ಬಗ್ಗೆ ನಾನು ಬರೆಯದಿದ್ದರೆ ಇಲ್ಲಿನವರು ಬೈದಾರು. ಅಲಸಂದೆಯನ್ನು ಮುಕ್ಕಾಲು ಬೇಯಿಸಿ, ಅದೇ ಕಟ್ಟಿನಲ್ಲಿ ಅಕ್ಕಿ ಹಾಕಿ ಅರಳಿಸುತ್ತಾರೆ. ಜನವರಿ 1ಕ್ಕೆ ಮೊದಲ ತುತ್ತು ಅದೇ. ಕಾಳು ನಾಣ್ಯ, ಸೊಪ್ಪು ನೋಟು, ಕಾರ್ನ್‌ಬ್ರೆಡ್ ಬಂಗಾರ ಅಂತ ಮಕ್ಕಳಿಗೆ ಹೇಳುತ್ತಾರೆ. ಕಪ್ಪು ಕುಟುಂಬಗಳಿಗೆ ಆ ದಿನಕ್ಕೆ ಇನ್ನೂ ಒಂದು ಅರ್ಥ ಇದೆ. ಗುಲಾಮರ ಬಿಡುಗಡೆಯ ಘೋಷಣೆ ಜಾರಿಗೆ ಬಂದದ್ದು 1863ರ ಜನವರಿ 1. ಹಿಂದಿನ ರಾತ್ರಿ ಚರ್ಚುಗಳಲ್ಲಿ ಜನ ನಿದ್ದೆಗೆಟ್ಟು ಕಾದಿದ್ದರು. ಈಗಲೂ ಡಿಸೆಂಬರ್ 31ರ ರಾತ್ರಿ ವಾಚ್ ನೈಟ್, ಅಂದರೆ ಕಾಯುವ ರಾತ್ರಿ, ಅನ್ನುವ ಹೆಸರಿನಲ್ಲಿ ಪ್ರಾರ್ಥನೆಗೆ ಸೇರುತ್ತಾರೆ. ಮನೆಗೆ ಬಂದರೆ ಒಲೆ ಮೇಲೆ ಅಲಸಂದೆ.

ನಾನು ಯುಗಾದಿಗೆ ಬೇವುಬೆಲ್ಲ ಕೊಟ್ಟು ವಿವರಿಸಿದಾಗ ನಮ್ಮ ನೆರೆಯವರಿಗೆ ಒಂದೇ ಮಾತಿನಲ್ಲಿ ಅರ್ಥವಾಯಿತು.


ಹಾಸನದ_ಹುಡುಗಿ

ಅಕ್ಕ, ನೀವು ಇರುವ ಮಾಂಟ್‌ಗಮರಿ ಅಂದರೆ ರೋಸಾ ಪಾರ್ಕ್ಸ್ ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಡದ ಊರೇ ಅಲ್ವಾ?


ಅಲಬಾಮ_ಸೊಸೆ

ಅದೇ ಊರು. ಒಳ್ಳೆ ಜಾಗಕ್ಕೆ ಮಾತು ತಂದೆ. ಬಸ್ ಬಹಿಷ್ಕಾರ 1955ರ ಡಿಸೆಂಬರ್‌ನಿಂದ 381 ದಿನ ನಡೆಯಿತು. ಅಷ್ಟು ದಿನ ಜನ ನಡೆದು, ಕಾರು ಹಂಚಿಕೊಂಡು ಕೆಲಸಕ್ಕೆ ಹೋದರು. ಆ ಕಾರುಗಳ ಪೆಟ್ರೋಲಿಗೆ ದುಡ್ಡು ಎಲ್ಲಿಂದ ಬಂತು? ಒಂದಿಷ್ಟು ಅಡುಗೆಮನೆಗಳಿಂದ ಬಂತು.

ಜಾರ್ಜಿಯಾ ಗಿಲ್ಮೋರ್ ಅಂತ ಒಬ್ಬರಿದ್ದರು. ಅಡುಗೆ ಕೆಲಸದವರು, ಮಕ್ಕಳೊಂದಿಗರು. ಅವರು ಹೆಂಗಸರನ್ನು ಕೂಡಿಸಿ ಕೋಳಿ, ಕೇಕು, ಗೆಣಸಿನ ಪೈ ಮಾಡಿ ಮಾರಿ, ಬಂದ ಹಣ ಚಳವಳಿಗೆ ಕೊಟ್ಟರು. ಗುಂಪಿನ ಹೆಸರು "ಎಲ್ಲಿಂದಲೂ ಅಲ್ಲದ ಸಂಘ" ಅನ್ನುವ ಅರ್ಥದ್ದು. ದುಡ್ಡು ಎಲ್ಲಿಂದ ಬಂತು ಅಂತ ಕೇಳಿದರೆ ಎಲ್ಲಿಂದಲೂ ಇಲ್ಲ ಅನ್ನಬಹುದು, ಕೊಟ್ಟವರ ಕೆಲಸ ಉಳಿಯುತ್ತೆ. ಇವರು ಮಾತ್ರ ನ್ಯಾಯಾಲಯದಲ್ಲಿ ಬಹಿರಂಗವಾಗಿ ಸಾಕ್ಷಿ ಹೇಳಿದರು, ಕೆಲಸ ಹೋಯಿತು. ಆಮೇಲೆ ಮಾರ್ಟಿನ್ ಲೂಥರ್ ಕಿಂಗ್ ಅವರ ಒತ್ತಾಸೆಯಿಂದ ತಮ್ಮ ಮನೆಯಲ್ಲೇ ಊಟ ಹಾಕತೊಡಗಿದರು. ಕಿಂಗ್ ಅಲ್ಲಿ ಉಣ್ಣುತ್ತಿದ್ದರು, ಬಂದವರನ್ನು ಅಲ್ಲಿಗೇ ಕರೆತರುತ್ತಿದ್ದರು.

ಅವರು ತೀರಿಕೊಂಡದ್ದು 1990ರ ಮಾರ್ಚಿನಲ್ಲಿ. ಮತದಾನದ ಹಕ್ಕಿಗಾಗಿ ಸೆಲ್ಮಾದಿಂದ ಮಾಂಟ್‌ಗಮರಿಗೆ ನಡೆದ ಮೆರವಣಿಗೆಗೆ 25 ವರ್ಷ ತುಂಬಿದ ನೆನಪಿಗೆ ಬರುವ ಜನರಿಗಾಗಿ ಅವರು ಅಡುಗೆ ಮಾಡುತ್ತಿದ್ದರು. ಆ ಅಡುಗೆಯನ್ನೇ ಮನೆಯವರು ಸಾವಿಗೆ ಬಂದವರಿಗೆ ಬಡಿಸಿದರು. ನಮ್ಮತ್ತೆ ಈ ಕಥೆ ಹೇಳುವಾಗ ಇಲ್ಲಿಗೆ ಬಂದು ನಿಲ್ಲಿಸಿಬಿಡುತ್ತಾರೆ. ಎದ್ದು ಏನಾದರೂ ಪಾತ್ರೆ ಒರೆಸುತ್ತಾರೆ.


ಹೊಸ_ಸದಸ್ಯ_ಬೆಂಗಳೂರು

ಈ ಚರ್ಚೆ ನಮ್ಮಮ್ಮನಿಗೆ ಓದಿ ಹೇಳಿದೆ. ಕಾಳು ಊದಿ ನೋಡುವುದು ಅವರಿಗೂ ಗೊತ್ತಿರಲಿಲ್ಲ. ಇವತ್ತು ಅಲಸಂದೆ ಬೇಯಿಸಿ ನಾನು, ಅಮ್ಮ, ತಂಗಿ ಮೂವರೂ ಊದಿದೆವು. ಸಿಪ್ಪೆ ಎದ್ದಿತು. ಕಟ್ಟಿಗೆ ಜೀರಿಗೆ, ಬೆಳ್ಳುಳ್ಳಿ ಜಜ್ಜಿ ಹಾಕಿ ಸಾರು ಮಾಡಿದೆವು.


ಅಲಬಾಮ_ಸೊಸೆ

ಇದಕ್ಕಿಂತ ಖುಷಿ ಏನು ಬೇಕು ತಮ್ಮ.

ಇವತ್ತು ಸಂಜೆ ಅತ್ತೆಗೆ ಎಲ್ಲರ ಬರಹವನ್ನೂ ಒಂದೊಂದಾಗಿ ಹೇಳಿದೆ. ರಾಲೀಯವರ ಅಮ್ಮ ಮೊರ ಕೇರಿದ ಜಾಗಕ್ಕೆ ಚಪ್ಪಾಳೆ ತಟ್ಟಿದರು. ಡೆಟ್ರಾಯ್ಟಿನವರೇ, ನಿಮ್ಮ ಸಹೋದ್ಯೋಗಿಯ ಊರು ಯಾವುದು ಅಂತ ಕೇಳುತ್ತಿದ್ದಾರೆ, ಬಿಡುವಾದಾಗ ಹೇಳಿ.

ಆಮೇಲೆ ಅವರಿಗೆ ಅವರೆಕಾಳಿನ ಮೇಲೆ ಮನಸ್ಸು ಹೋಯಿತು. ಬಸವನಗುಡಿ ಮೇಷ್ಟ್ರು ಬರೆದದ್ದು ಓದಿ ಹೇಳುವಾಗ ನಾನು ಹಿದುಕಿದಬೇಳೆ ಬಗ್ಗೆ ಬಾಯಿ ಬಿಟ್ಟಿದ್ದೆ. "ರಾತ್ರಿ ನೆನೆಸಿ, ಒಂದೊಂದು ಕಾಳನ್ನೂ ಹಿದುಕಿ ಸಿಪ್ಪೆ ತೆಗೀತೀರಾ? ಒಂದೊಂದನ್ನೂ?" ಅಂತ ಮೂರು ಸಲ ಕೇಳಿದರು. ಹೂಂ ಅಂದೆ. ಅಟ್ಲಾಂಟಾದ ಭಾರತೀಯ ಅಂಗಡಿಯಲ್ಲಿ ಫ್ರೀಜ್ ಮಾಡಿದ ಅವರೆಕಾಳು ಸಿಗುತ್ತೆ. ಶನಿವಾರ ನಾವು ಹೋಗುತ್ತಿದ್ದೇವೆ. ನಾಲ್ಕು ಪೊಟ್ಟಣ ತರಲು ಹೇಳಿದ್ದಾರೆ, ಅವರ ತಂಗಿಯನ್ನೂ ಚರ್ಚಿನ ಇಬ್ಬರು ಗೆಳತಿಯರನ್ನೂ ಜಗಲಿಗೆ ಕರೆದಾಗಿದೆ. ಕಟ್ಟು ಬಸಿಯಲು ಪಾತ್ರೆಯನ್ನು ಈಗಲೇ ತೊಳೆದು ಒಲೆ ಪಕ್ಕ ಬೋರಲು ಹಾಕಿಟ್ಟಿದ್ದಾರೆ.